‘ನಾಲ್ಕು ಜನ ಏನಂದಾರು’ ಎಂಬಲ್ಲಿಂದ ಶುರು: ಯುವಜನರ ಲೈಂಗಿಕ ಆರೋಗ್ಯ ಮತ್ತು ರೂಢಿ ಬದಲಾವಣೆ

ಕಾಂಡೋಮ್ ಎಲ್ಲಿ ಸಿಗುತ್ತದೆ, ಗರ್ಭನಿರೋಧಕ ಮಾತ್ರೆ ಹೇಗೆ ತೆಗೆದುಕೊಳ್ಳಬೇಕು ಎಂದು ಚೆನ್ನಾಗಿ ಗೊತ್ತಿರುವ ಹುಡುಗ ಹುಡುಗಿಯರೂ ಅದನ್ನು ತರಲು ಹೋಗುವುದಿಲ್ಲ. ಅಂಥಲ್ಲಿ ಇನ್ನೊಂದು ಭಿತ್ತಿಪತ್ರ ಅಂಟಿಸಿ ಪ್ರಯೋಜನವಿಲ್ಲ. ಹಾಗೆಂದು ಎಲ್ಲವನ್ನೂ ರೂಢಿಯ, ಅಂದರೆ ‘ನಾಲ್ಕು ಜನ ಏನಂದಾರು’ ಎಂಬ ಅಂಜಿಕೆಯ, ತಲೆಗೆ ಕಟ್ಟುವುದೂ ಸರಿಯಲ್ಲ. ಯುವಜನರ ನಡುವೆ ಈ ಕೆಲಸ ಮಾಡುವ ನಾವು ಮೊದಲು ನೋಡುವುದು ಕ್ಲಿನಿಕ್ಕನ್ನು. ತರಗತಿ ಅಥವಾ ಕೆಲಸ ಮುಗಿಯುವ ಹೊತ್ತಿಗೆ ಬಾಗಿಲು ತೆರೆದಿರುತ್ತದೆಯೇ? ಹೆಸರು ಕೂಗಿ ಕರೆಯುತ್ತಾರೆಯೇ? ಒಳಗಿನ ಮಾತು ಹೊರಗಿನ ಬೆಂಚಿಗೆ ಕೇಳಿಸುತ್ತದೆಯೇ? ಇವು ಕೆಟ್ಟಿದ್ದರೆ ಮೊದಲು ಇವನ್ನೇ ಸರಿಮಾಡುತ್ತೇವೆ. ಜನರ ಮನಸ್ಸು ತಿರುಗಿಸಿ, ಆಮೇಲೆ ಮುಚ್ಚಿದ ಬಾಗಿಲಿನ ಮುಂದೆ ತಂದು ನಿಲ್ಲಿಸಿದರೆ ಎರಡನೇ ಸಲ ಯಾರೂ ಬರುವುದಿಲ್ಲ.

ಕ್ಲಿನಿಕ್ ಸರಿಯಿದ್ದೂ ಜನ ಬರದಿದ್ದರೆ ಆಗ ಹುಡುಕಬೇಕಾದದ್ದು ‘ಆ ನಾಲ್ಕು ಜನ’ ಯಾರು ಎಂಬುದನ್ನು. ಪ್ರತಿ ವರ್ತನೆಗೂ ಅವರು ಬೇರೆ ಬೇರೆ. ಮೊದಲ ಮಗುವನ್ನು ಮುಂದೂಡುವ ವಿಷಯದಲ್ಲಿ ಅತ್ತೆ, ಗಂಡ. ಕಾಂಡೋಮ್ ವಿಷಯದಲ್ಲಿ ಓರಗೆಯ ಗೆಳೆಯರು. ಮುಟ್ಟಿನ ವಿಷಯದಲ್ಲಿ ತಾಯಿ ಇರಬಹುದು. ಊಹಿಸಿಕೊಂಡು ಹೊರಟರೆ ತಪ್ಪು ಮನೆಯ ಬಾಗಿಲು ತಟ್ಟಿದಂತೆ. ನಾವು ನೇರವಾಗಿ ಎರಡೇ ಪ್ರಶ್ನೆ ಕೇಳುತ್ತೇವೆ: ಈ ವಿಷಯದಲ್ಲಿ ಯಾರ ಹತ್ತಿರ ಮಾತಾಡುತ್ತೀರಿ? ಯಾರಿಗೆ ತಿಳಿದರೆ ಕಷ್ಟ? ಎರಡನೆಯದಕ್ಕೆ ಬರುವ ಉತ್ತರವೇ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಹುಡುಗರು, ಹುಡುಗಿಯರು, ಮದುವೆಯಾದವರು, ಆಗದವರು ಎಂದು ಗುಂಪು ಬೇರೆ ಮಾಡಿ, ಗುಂಪಿಗೆ ಎಂಟು ಹತ್ತು ಜನರಿಗಿಂತ ಹೆಚ್ಚು ಸೇರಿಸದೆ ಕೇಳಬೇಕು. ಹದಿನಾಲ್ಕರ ಹುಡುಗಿ ಇಪ್ಪತ್ತರವಳ ಮುಂದೆ ಬಾಯಿ ಬಿಡುವುದಿಲ್ಲ.

ಸ್ವಂತ ಬದುಕಿನ ವಿಚಾರ ಕೇಳಿದರೆ ಯಾರೂ ಹೇಳುವುದಿಲ್ಲ, ಕೇಳಲೂಬಾರದು. ಅದಕ್ಕೆ ಒಂದು ಕಲ್ಪಿತ ಪ್ರಸಂಗ ಮುಂದಿಡುತ್ತೇವೆ. ಹತ್ತೊಂಬತ್ತು ವರ್ಷದವಳೊಬ್ಬಳಿಗೆ ಹೊಸದಾಗಿ ಮದುವೆಯಾಗಿದೆ, ಎರಡು ವರ್ಷ ಮಗು ಬೇಡವೆಂದಿದ್ದಾಳೆ. ಇವಳಂಥವರು ಹೆಚ್ಚಿನವರು ಏನು ಮಾಡುತ್ತಾರೆ? ಸುತ್ತಲಿನವರು ಅವಳು ಏನು ಮಾಡಬೇಕೆನ್ನುತ್ತಾರೆ? ಅವಳು ತನ್ನ ಪಾಡಿಗೆ ಮಾತ್ರೆ ತೆಗೆದುಕೊಂಡರೆ ಯಾರು, ಏನು ಮಾಡುತ್ತಾರೆ? ಅಷ್ಟಾದ ಮೇಲೆ ಅವಳು ಮನಸ್ಸು ಬದಲಿಸುತ್ತಾಳೆಯೇ? ಮೊದಲೆರಡು ಪ್ರಶ್ನೆಗಳ ವ್ಯತ್ಯಾಸವನ್ನು ತತ್ತ್ವಶಾಸ್ತ್ರಜ್ಞೆ ಕ್ರಿಸ್ಟೀನಾ ಬಿಕಿಯೆರಿ ಸ್ಪಷ್ಟವಾಗಿ ಬಿಡಿಸಿಟ್ಟಿದ್ದಾರೆ: ಇತರರು ಮಾಡುತ್ತಾರೆ ಎಂಬ ಎಣಿಕೆ ಒಂದು, ನಾನು ಮಾಡಬೇಕೆಂದು ಇತರರು ಬಯಸುತ್ತಾರೆ ಎಂಬ ಎಣಿಕೆ ಇನ್ನೊಂದು. ಮೂರನೆಯದರಲ್ಲಿ ಶಿಕ್ಷೆ ಬಯಲಾಗುತ್ತದೆ. ಕೊಂಕು ಮಾತೇ, ಹೊಡೆತವೇ, ತವರಿಗೆ ಅಟ್ಟುವುದೇ ಎಂಬುದರ ಮೇಲೆ ಮುಂದಿನ ಕೆಲಸದ ಅಪಾಯ ನಿಂತಿದೆ. ನಾಲ್ಕನೆಯದಕ್ಕೆ ‘ಇಲ್ಲ, ಅವಳು ಬಿಡುವುದಿಲ್ಲ’ ಎಂದು ಹಲವರು ಹೇಳಿದರೆ ರೂಢಿ ಆಗಲೇ ಸಡಿಲವಾಗಿದೆ ಎಂದು ತಿಳಿಯಿರಿ.

ಇದಾದ ಮೇಲೆ, ಅವಳು ಮಾಡಿದ್ದು ಸರಿಯೇ ಎಂಬುದರ ಬಗ್ಗೆ ಗುಟ್ಟಾಗಿ ಚೀಟಿಯಲ್ಲಿ ಪ್ರತಿಯೊಬ್ಬರ ಸ್ವಂತ ಅಭಿಪ್ರಾಯ ಬರೆಸಿಕೊಂಡು, ‘ಇಲ್ಲಿರುವವರಲ್ಲಿ ಎಷ್ಟು ಜನ ಒಪ್ಪಬಹುದು’ ಎಂಬ ಊಹೆಯನ್ನೂ ಬರೆಸುತ್ತೇವೆ. ಒಪ್ಪುವವರು ಊಹೆಗಿಂತ ಹೆಚ್ಚಿದ್ದರೆ ಅದೇ ನಮ್ಮ ಬಂಡವಾಳ: ಆ ಅಂತರವನ್ನು ಅಲ್ಲೇ ಓದಿ ಹೇಳಬಹುದು. ಅಂತರವಿಲ್ಲದಿದ್ದರೆ ಸುಮ್ಮನಿರಬೇಕು. ವಿರೋಧಿಗಳೇ ಹೆಚ್ಚು ಎಂದು ಸಭೆಯಲ್ಲಿ ಸಾರಿದರೆ ರೂಢಿಗೆ ನಾವೇ ನೀರೆರೆದಂತಾಗುತ್ತದೆ. ‘ಇಷ್ಟೊಂದು ಹುಡುಗಿಯರು ಚಿಕ್ಕ ವಯಸ್ಸಿಗೇ ಬಸುರಾಗುತ್ತಿದ್ದಾರೆ’ ಎಂಬ ಫಲಕಗಳ ದೋಷವೂ ಇದೇ. ಓದಿದವರಿಗೆ ದಕ್ಕುವುದು ‘ಎಲ್ಲರೂ ಹಾಗೇ’ ಎಂಬ ಸಮಾಧಾನ.

ಒಬ್ಬಂಟಿ ಧೈರ್ಯಶಾಲಿಯನ್ನು ಮುಂದೆ ನಿಲ್ಲಿಸಬಾರದು. ಪೆಟ್ಟು ಬೀಳುವುದು ಅವಳ ಮೇಲೆ. ಸೆನೆಗಾಲಿನಲ್ಲಿ ಟೋಸ್ಟಾನ್ ಸಂಸ್ಥೆಯ ಕಲಿಕಾ ಕಾರ್ಯಕ್ರಮದಲ್ಲಿದ್ದ ಮಾಲಿಕೌಂಡಾ ಬಂಬಾರಾ ಗ್ರಾಮದ ಹೆಂಗಸರು 1997ರಲ್ಲಿ ಹೆಣ್ಣುಮಕ್ಕಳ ಜನನಾಂಗ ಕತ್ತರಿಸುವುದನ್ನು ಬಿಡುವುದಾಗಿ ಸಾರಿದರು. ಆದರೆ ಹೆಣ್ಣು ಕೊಟ್ಟು ತರುವ ಊರುಗಳು ಒಪ್ಪದಿದ್ದರೆ ಮಗಳಿಗೆ ಗಂಡು ಸಿಗುವುದಿಲ್ಲ. ದೆಂಬಾ ದಿಯಾವಾರಾ ಎಂಬ ಇಮಾಮ್ ನೆಂಟಸ್ತಿಕೆಯ ಊರುಗಳಿಗೆ ನಡೆದುಹೋಗಿ ಮಾತಾಡಿದ ಮೇಲೆ, 1998ರಲ್ಲಿ 13 ಹಳ್ಳಿಗಳು ಒಟ್ಟಾಗಿ ಸಾರಿದವು. ಲೆಕ್ಕಕ್ಕೆ ಬರುವ ಗಡಿ ನೆಂಟಸ್ತಿಕೆಯದು, ಆಡಳಿತದ ನಕ್ಷೆಯದ್ದಲ್ಲ. ಹಲವು ಯೋಜನೆಗಳು ಇನ್ನೂ ನಕ್ಷೆ ಹಿಡಿದೇ ಕೂತಿವೆ.

ಈ ವಿಚಾರಣೆ ಮುಗಿದ ಮೇಲೆ ರೂಢಿ ಬದಲಿಸಲು ನಡೆಸುವ ನಮ್ಮ ಗುಂಪುಗಳು ಹದಿನೈದರಿಂದ ಇಪ್ಪತ್ತು ಜನರವು, ವಾರಕ್ಕೊಮ್ಮೆ ಒಂದೂವರೆ ಗಂಟೆ. ಪ್ರತಿ ಸಭೆಯ ಕೊನೆಗೆ ಒಂದೇ ಕೆಲಸ: ಇಂದಿನ ವಿಷಯವನ್ನು ಯಾರಾದರೂ ಒಬ್ಬರ ಬಳಿ ಎತ್ತಿ, ಅವರೇನಂದರೆಂದು ಮುಂದಿನ ವಾರ ಹೇಳುವುದು. ಅತ್ತೆಯಂದಿರ, ಗಂಡಂದಿರ ಗುಂಪುಗಳೂ ಅದೇ ತಿಂಗಳು ಶುರುವಾಗಬೇಕು, ಇಲ್ಲವಾದರೆ ಕಲಿತವಳು ಮನೆಯಲ್ಲಿ ಒಂಟಿ. ನಡೆಸಿಕೊಡುವವರಿಗೂ ಇದೇ ಚೀಟಿಯ ಪರೀಕ್ಷೆ ಬೇಕು. ಅವಿವಾಹಿತೆಗೆ ಮಾತ್ರೆ ಕೊಡಲು ಹಿಂಜರಿಯುವ ದಾದಿಯೇ ಪಾಠ ಹೇಳಿದರೆ ಮಾತಿನಲ್ಲಿ ಹೇಳದ್ದೆಲ್ಲ ಮುಖದಲ್ಲಿ ಗೊತ್ತಾಗುತ್ತದೆ. ದೌರ್ಜನ್ಯದ ವಿಷಯ ಹೊರಬರುವುದು ಖಂಡಿತ. ಎಲ್ಲಿಗೆ ಕಳಿಸಬೇಕು, ಜೊತೆಗೆ ಯಾರು ಹೋಗಬೇಕು ಎಂಬುದು ಮೊದಲ ಸಭೆಗೆ ಮುನ್ನವೇ ನಿಗದಿಯಾಗಿರಬೇಕು.

ರೂಢಿ ಬದಲಾಯಿತೇ ಎಂದು ಅಳೆಯಲು ಅದೇ ಪ್ರಸಂಗ, ಅದೇ ನಾಲ್ಕು ಪ್ರಶ್ನೆ, ಅದೇ ಚೀಟಿ. ‘ಇದು ಸರಿಯೇ’ ಎಂದು ಮಾತ್ರ ಕೇಳಿದರೆ ನಾವು ಕಲಿಸಿದ್ದನ್ನೇ ನಮಗೆ ಒಪ್ಪಿಸುತ್ತಾರೆ. ಗುಂಪಿಗೆ ಬಾರದ ಮನೆಗಳಲ್ಲೂ ಕೇಳಬೇಕು. ಸದಸ್ಯರ ಉತ್ತರ ಮಾತ್ರ ಬದಲಾಗಿ ಅಕ್ಕಪಕ್ಕದವರದು ಹಾಗೇ ಉಳಿದಿದ್ದರೆ ಬದಲಾದದ್ದು ಅಭಿಪ್ರಾಯ, ರೂಢಿಯಲ್ಲ. ಸಭೆಗಳನ್ನು ನಿಲ್ಲಿಸಲು ಇನ್ನೂ ಹೊತ್ತಾಗಿಲ್ಲ.