‘ಬೋರ್ಡ್ ಹೋಗಿದೆ’ ಅಂದ ಲ್ಯಾಪ್‌ಟಾಪಿನಲ್ಲಿ ಹೋಗಿದ್ದು ಒಂದು ಕೆಪಾಸಿಟರ್

ಮಳೆಗಾಲದಲ್ಲಿ ಶಿವಮೊಗ್ಗದ ನನ್ನ ಅಂಗಡಿಗೆ ಸತ್ತ ಲ್ಯಾಪ್‌ಟಾಪ್‌ಗಳು ಜಾಸ್ತಿ ಬರುತ್ತವೆ. ಈ ಸಲ ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಮಗಳ ಲ್ಯಾಪ್‌ಟಾಪ್ ತಂದರು. "ಬೋರ್ಡೇ ಹೋಗಿದೆ, ಹೊಸದು ಹಾಕ್ಬೇಕು ಅಂದ್ರು ಮಾರಾಯ್ರೇ. ಅದರ ರೇಟ್ ಕೇಳಿದ್ರೆ ಹೊಸ ಲ್ಯಾಪ್‌ಟಾಪೇ ವಾಸಿ" ಅಂದರು. ಬೋರ್ಡನ್ನು, ಅಂದರೆ ಒಳಗಿನ ಮದರ್‌ಬೋರ್ಡನ್ನು, ಮೀಟರಿನಿಂದ ಅಳೆದು ನೋಡದೆ ಹೀಗೆ ಹೇಳುವುದು ನನಗೆ ಸರಿ ಕಾಣುವುದಿಲ್ಲ.

ಚಾರ್ಜರ್ ಹಾಕಿದರೆ ಅದರ ಲೈಟ್ ಆರಿ ಆರಿ ಹತ್ತುತ್ತಿತ್ತು. ಅಂದರೆ ಬೋರ್ಡಿನಲ್ಲಿ ಎಲ್ಲೋ ಕರೆಂಟ್ ಸೀದಾ ಗ್ರೌಂಡ್‌ಗೆ (ಕರೆಂಟ್ ವಾಪಸ್ ಹೋಗುವ ಸಾಮಾನ್ಯ ದಾರಿಗೆ) ಹೋಗುತ್ತಿದೆ, ಅದಕ್ಕೇ ಶಾರ್ಟ್ ಅನ್ನುವುದು. ಚಾರ್ಜರ್ ತನ್ನನ್ನು ಉಳಿಸಿಕೊಳ್ಳಲು ಬಂದ್ ಆಗಿ, ಮತ್ತೆ ಶುರುವಾಗುತ್ತಿದೆ.

ಮೊದಲು ಬ್ಯಾಟರಿ ಕನೆಕ್ಟರ್ ತೆಗೆದೆ. ಇದನ್ನು ಮಾಡದೆ ಬೋರ್ಡಿಗೆ ಕೈ ಹಾಕಲೇಬಾರದು. ಆಮೇಲೆ ಮಲ್ಟಿಮೀಟರ್. ಚಾರ್ಜರಿನ 19 ವೋಲ್ಟ್ ಎರಡು ಮಾಸ್‌ಫೆಟ್ (ಸ್ವಿಚ್‌ನಂತೆ ಕೆಲಸ ಮಾಡುವ ಪುಟ್ಟ ಬಿಡಿಭಾಗ) ದಾಟಿ ಮುಖ್ಯ ಲೈನಿಗೆ ಬರುತ್ತದೆ. ಮಾಸ್‌ಫೆಟ್‌ಗಿಂತ ಮೊದಲು ಗ್ರೌಂಡ್‌ಗೆ ಓಮ್ (ಕರೆಂಟಿಗಿರುವ ತಡೆ) ಅಳೆದಾಗ ಸರಿ ಇತ್ತು. ದಾಟಿದ ಮೇಲೆ ಒಂದು ಓಮ್ ಕೂಡ ಇಲ್ಲ. ಅಲ್ಲಿ ಸಾವಿರಗಟ್ಟಲೆ ಓಮ್ ಇರಬೇಕಿತ್ತು.

ಈ ಲೈನಿನಲ್ಲಿ ಹತ್ತಾರು ಕೆಪಾಸಿಟರ್‌ಗಳು (ವಿದ್ಯುತ್ತನ್ನು ಸ್ವಲ್ಪ ಹಿಡಿದಿಟ್ಟು ಕೊಡುವ ಪುಟ್ಟ ಬಿಡಿಭಾಗಗಳು) ಕೂತಿರುತ್ತವೆ. ಎಲ್ಲವೂ ಅದೇ ಲೈನಿಗೂ ಗ್ರೌಂಡ್‌ಗೂ ನಡುವೆ ಸೇರಿಕೊಂಡಿರುವುದರಿಂದ ಯಾವುದರ ಮೇಲೆ ಮೀಟರ್ ಇಟ್ಟರೂ ಶಾರ್ಟ್ ಅಂತಲೇ ತೋರಿಸುತ್ತದೆ. ಒಂದೊಂದಾಗಿ ಕಿತ್ತು ನೋಡುವವರಿದ್ದಾರೆ. ಬೋರ್ಡಿಗೆ ಸುಮ್ನೆ ಅಷ್ಟು ಶಾಖ ಕೊಡುವುದು ನನಗಿಷ್ಟವಿಲ್ಲ. ನಾನು ಬೇರೆ ಪವರ್ ಸಪ್ಲೈಯಿಂದ ಕಡಿಮೆ ವೋಲ್ಟ್ ಕೊಟ್ಟು, ಯಾವುದು ಬಿಸಿಯಾಗುತ್ತದೆ ಅಂತ ನೋಡುತ್ತೇನೆ.

ಆದರೆ ಅದಕ್ಕೂ ಮೊದಲು ಒಂದು ಕೆಲಸ ಇದೆ. ಪ್ರೊಸೆಸರ್‌ಗೆ ಕರೆಂಟ್ ಕೊಡುವ ಪಕ್ಕದ ಕಾಯಿಲ್‌ಗೂ (ತಂತಿ ಸುರುಳಿ) ಮುಖ್ಯ ಲೈನಿಗೂ ನಡುವೆ ಓಮ್ ಅಳೆಯಬೇಕು. ಮುಖ್ಯ ಲೈನಿನಿಂದ ಆ ಕಾಯಿಲ್‌ಗೆ ಕರೆಂಟ್ ಬಿಡುವ ಮಾಸ್‌ಫೆಟ್ ಶಾರ್ಟ್ ಆಗಿದ್ದರೆ ನಾವು ಕೊಟ್ಟ ವೋಲ್ಟ್ ನೇರ ಪ್ರೊಸೆಸರ್‌ಗೆ ನುಗ್ಗುತ್ತದೆ. ಇನ್ನೊಂದು ವಿಷಯ: ಪ್ರೊಸೆಸರ್ ಕಾಯಿಲ್‌ನಿಂದ ಗ್ರೌಂಡ್‌ಗೆ ಅಳೆದರೆ ಒಳ್ಳೆಯ ಬೋರ್ಡಿನಲ್ಲೂ ತೀರಾ ಕಡಿಮೆ ಓಮ್ ಬರುತ್ತದೆ. ಹೊಸಬರು ಅದನ್ನೇ ಶಾರ್ಟ್ ಅಂದುಕೊಂಡು ಪ್ರೊಸೆಸರ್ ಹೋಯ್ತು ಅಂತ ತೀರ್ಮಾನ ಮಾಡಿಬಿಡುತ್ತಾರೆ.

ಇಲ್ಲಿ ಆ ಮಾಸ್‌ಫೆಟ್ ಚೆನ್ನಾಗಿತ್ತು. ಸಪ್ಲೈಯನ್ನು 1 ವೋಲ್ಟ್‌ಗೆ ಇಟ್ಟೆ. ಕರೆಂಟ್ ಮಿತಿಯನ್ನು ಕಡಿಮೆಯಿಂದ ಶುರುಮಾಡಿ ನಿಧಾನವಾಗಿ ಏರಿಸಿದೆ. ಬೋರ್ಡಿನ ಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್ ತೆಳ್ಳಗೆ ಸವರಿ, ಫ್ಯಾನ್ ಆಫ್ ಮಾಡಿ, ಕಣ್ಣಿಟ್ಟು ಕೂತೆ. ಬಿಸಿಯಾದ ಭಾಗದ ಮೇಲಿನ ಆಲ್ಕೋಹಾಲ್ ಎಲ್ಲಕ್ಕಿಂತ ಮೊದಲು ಒಣಗುತ್ತದೆ. ಸ್ಕ್ರೂ ತೂತಿನ ಪಕ್ಕದ ಒಂದು ಪುಟ್ಟ ಸೆರಾಮಿಕ್ ಕೆಪಾಸಿಟರ್ ಕ್ಷಣದಲ್ಲಿ ಒಣಗಿತು. ಶಾಖ ತೋರಿಸುವ ಥರ್ಮಲ್ ಕ್ಯಾಮೆರಾ ಇಲ್ಲದವರಿಗೆ ಇಷ್ಟು ಒಳ್ಳೆಯ ಉಪಾಯ ಇನ್ನೊಂದಿಲ್ಲ.

ಬೋರ್ಡಿನ ಇಂಥ ಪುಟ್ಟ ಸೆರಾಮಿಕ್ ಕೆಪಾಸಿಟರ್ ಮೇಲೆ ಸಾಮಾನ್ಯವಾಗಿ ಏನೂ ಬರೆದಿರುವುದಿಲ್ಲ. ಸರ್ಕ್ಯೂಟ್ ನಕ್ಷೆಯಲ್ಲಿ 10 ಮೈಕ್ರೋಫ್ಯಾರಡ್, 25 ವೋಲ್ಟ್ ಅಂತಿತ್ತು. 19 ವೋಲ್ಟ್ ಲೈನಿಗೆ 16 ವೋಲ್ಟಿನದು ಹಾಕಬಾರದು. ಸೈಜೂ ಅದೇ ಇರಬೇಕು, ಯಾಕಂದರೆ ತನ್ನ ಮೇಲೆ ವೋಲ್ಟ್ ಬಂದಾಗ ಚಿಕ್ಕ ಸೈಜಿನ ಕೆಪಾಸಿಟರ್ ತನ್ನ ಸಾಮರ್ಥ್ಯವನ್ನು (ಮೈಕ್ರೋಫ್ಯಾರಡ್) ಜಾಸ್ತಿ ಕಳೆದುಕೊಳ್ಳುತ್ತದೆ. ಅದೇ ಮಾದರಿಯ ಹಳೆಯ ಬೋರ್ಡೊಂದು ನನ್ನ ಹತ್ತಿರ ಇತ್ತು, ಅದೇ ಜಾಗದಿಂದ ತೆಗೆದೆ.

ಅಕ್ಕಪಕ್ಕದ ಪ್ಲಾಸ್ಟಿಕ್ ಕನೆಕ್ಟರ್‌ಗಳಿಗೆ ಶಾಖ ತಡೆಯುವ ಕ್ಯಾಪ್ಟಾನ್ ಟೇಪ್ ಹಚ್ಚಿದೆ. ಗ್ರೌಂಡ್ ಕಡೆಯ ತಾಮ್ರ ಶಾಖವನ್ನೆಲ್ಲ ಎಳೆದುಕೊಳ್ಳುತ್ತದೆ. ಹಾಗಾಗಿ ಮೊದಲು ಆ ಜಾಗವನ್ನೆಲ್ಲ ಮೆಲ್ಲಗೆ ಬಿಸಿ ಮಾಡಿ, ಫ್ಲಕ್ಸ್ (ಬೆಸುಗೆ ಚೆನ್ನಾಗಿ ಹರಿಯಲು ಹಚ್ಚುವ ಅಂಟು) ಹಾಕಿ, ಆಮೇಲೆ ಬೆಸುಗೆ ಕರಗಿಸುವ ಹಾಟ್ ಏರ್ ಅನ್ನು 350 ಡಿಗ್ರಿಗೆ ಏರಿಸಿದೆ. ಕೆಟ್ಟದ್ದು ಎದ್ದು ಬಂತು. ಬದಲಿಯದನ್ನು ಕೂರಿಸುವ ಮೊದಲು ಮತ್ತೆ ಅಳೆದೆ, ಶಾರ್ಟ್ ಹೋಗಿತ್ತು. ಕೂರಿಸುವಾಗಲೂ ಅಷ್ಟೇ ನಿಧಾನ ಬೇಕು. ಒಮ್ಮೆಲೇ ಶಾಖ ತಗುಲಿದರೆ ಸೆರಾಮಿಕ್ ಒಳಗೇ ಬಿರುಕು ಬಿಡುತ್ತದೆ.

ತೆಗೆದಿದ್ದನ್ನು ಮೈಕ್ರೋಸ್ಕೋಪ್ ಕೆಳಗೆ ಇಟ್ಟಾಗ ಅಂಚಿನಲ್ಲಿ ಸಣ್ಣ ಬಿರುಕು ಕಂಡಿತು. ಸ್ಕ್ರೂ ಹತ್ತಿರ ಬೋರ್ಡ್ ಬಾಗಿದಾಗ ಹೀಗೆ ಬಿರುಕು ಬೀಳುತ್ತದೆ. ನಮ್ಮ ಮಲೆನಾಡಿನ ತೇವ ಆ ಬಿರುಕಿನೊಳಗೆ ಇಳಿದರೆ ಶಾರ್ಟ್ ಆಗುವುದು ಸುಲಭ. ತಿಂಗಳುಗಟ್ಟಲೆ ಬಟ್ಟೆಯೂ ಒಣಗದ ಊರುಗಳಲ್ಲಿ ಲ್ಯಾಪ್‌ಟಾಪನ್ನು ಬೀರುವಿನಲ್ಲಿ ಮುಚ್ಚಿಡಬೇಡಿ ಅಂತ ಎಲ್ಲರಿಗೂ ಹೇಳುತ್ತೇನೆ. ದಿನಾ ಸ್ವಲ್ಪ ಹೊತ್ತು ಓಡಿಸಿದರೆ ಅದರ ಬಿಸಿಗೇ ಒಳಗಿನ ತೇವ ಆರುತ್ತದೆ.

ಮೊದಲ ಸಲ ಆನ್ ಮಾಡುವಾಗ ಚಾರ್ಜರ್ ಹಾಕಲಿಲ್ಲ. ಪವರ್ ಸಪ್ಲೈಯಿಂದಲೇ 19 ವೋಲ್ಟ್ ಕೊಟ್ಟು, ಕರೆಂಟ್ ಮಿತಿಯನ್ನು 1 ಆಂಪಿಯರ್‌ಗೆ ಇಟ್ಟೆ. ಕರೆಂಟ್ ಕೆಲವೇ ಮಿಲಿ ಆಂಪಿಯರ್‌ನಲ್ಲಿ ನಿಂತಿತು. 3.3 ಮತ್ತು 5 ವೋಲ್ಟ್ ಕಾಯಿಲ್‌ಗಳಲ್ಲಿ ವೋಲ್ಟ್ ಬಂದಿತ್ತು. ಆಮೇಲೆ ಚಾರ್ಜರ್, ಬ್ಯಾಟರಿ ಎರಡೂ ಹಾಕಿ ಬಟನ್ ಒತ್ತಿದೆ, ಪರದೆ ಬೆಳಗಿತು. ಮರುದಿನದವರೆಗೂ ಓಡಿಸಿ ನೋಡಿ, ತೆಗೆದ ಕೆಪಾಸಿಟರ್ ಅನ್ನು ಸಣ್ಣ ಕವರಿನಲ್ಲಿ ಹಾಕಿ ಲ್ಯಾಪ್‌ಟಾಪ್ ಜೊತೆಗೇ ಕೊಟ್ಟೆ.