ಬಯಲುಸೀಮೆಯಲ್ಲಿ ಆಲಿಕಲ್ಲು: ಬೆಳಿಗ್ಗೆಯೇ ಸುಳಿವು ಹಿಡಿಯುವುದು ಹೇಗೆ?

ಫೆಬ್ರುವರಿ ಕೊನೆಯಿಂದ ಏಪ್ರಿಲ್‌ವರೆಗೆ ವಿಜಯಪುರ, ಕಲಬುರಗಿ, ಬೀದರ್ ಕಡೆ ದ್ರಾಕ್ಷಿ ಬಳ್ಳಿಯಲ್ಲಿರುತ್ತದೆ, ಇಲ್ಲವೇ ಒಣಗಲು ಶೆಡ್ ಸೇರಿರುತ್ತದೆ. ಆಲಿಕಲ್ಲಿನ ಕಾಲವೂ ಅದೇ. ‘ಸೆಕೆ ವಿಪರೀತ, ಇವತ್ತು ಹೊಡೆಯುತ್ತದೆ’ ಎನ್ನುವ ಲೆಕ್ಕವನ್ನು ನೆಚ್ಚಬೇಡಿ. ಕೆಳಗೆ ತೇವ, ಮೇಲೆ ಚಳಿ, ಎತ್ತರದಲ್ಲಿ ಬಿರುಸು ಗಾಳಿ ಮೂರೂ ಕೂಡಬೇಕು.

ಮೊದಲು ಬಲೂನಿನ ಅಳತೆ ನೋಡಿ. ಬೆಳಿಗ್ಗೆ 5.30ಕ್ಕೆ ಹಾರಿಸುವ ಹವಾಮಾನ ಬಲೂನಿನ ಅಂಕಿಗಳು ವಯೋಮಿಂಗ್ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಕಲಬುರಗಿ, ಬೀದರಿನವರು ಹೈದರಾಬಾದಿನ ಅಳತೆ ತೆಗೆದುಕೊಳ್ಳಿ. ಗೋವಾದ್ದರಲ್ಲಿ ಕಡಲ ತೇವ ಸೇರಿರುವುದರಿಂದ ಒಳನಾಡಿಗೆ ಅದು ದಾರಿ ತಪ್ಪಿಸುತ್ತದೆ.

ಗಾಳಿಯ ಒತ್ತಡ 850 ಹೆಕ್ಟೊಪಾಸ್ಕಲ್ ಇರುವ ಮಟ್ಟದ (ಸುಮಾರು 1.5 ಕಿ.ಮೀ. ಎತ್ತರ) ಉಷ್ಣಾಂಶಕ್ಕೆ ಅಲ್ಲಿಯದೇ ಇಬ್ಬನಿ ಬಿಂದುವನ್ನು (ಗಾಳಿಯ ತೇವ ಹನಿಗಟ್ಟತೊಡಗುವ ಉಷ್ಣಾಂಶ) ಕೂಡಿಸಿ. ಬಂದ ಮೊತ್ತದಿಂದ 500 ಹೆಕ್ಟೊಪಾಸ್ಕಲ್ ಮಟ್ಟದ (ಸುಮಾರು 5.8 ಕಿ.ಮೀ. ಎತ್ತರ) ಉಷ್ಣಾಂಶದ ಎರಡರಷ್ಟನ್ನು ಕಳೆಯಿರಿ. ಉದಾಹರಣೆಗೆ ಮೇಲಿನ ಮಟ್ಟದಲ್ಲಿ ಮೈನಸ್ 7 ಡಿಗ್ರಿ, ಕೆಳಗೆ 25 ಮತ್ತು 12 ಇದ್ದರೆ: 25+12+14=51. ಐವತ್ತು ದಾಟಿತೆಂದರೆ ಜೋರು ಗುಡುಗು ಮಳೆಗೆ ಅವಕಾಶವಿದೆ.

ಎಡವುವುದು ಇಲ್ಲೇ. ಉಷ್ಣಾಂಶ 31, ಇಬ್ಬನಿ ಬಿಂದು 6 ಇದ್ದರೂ ಮೊತ್ತ 51 ಆಗುತ್ತದೆ. ಆದರೆ ಅಂಥ ಒಣಗಾಳಿಯಲ್ಲಿ ಮೋಡ ಬೆಳೆಯುವುದು ಕಷ್ಟ. ಬೆಳೆದರೂ ಹನಿ ನೆಲ ಮುಟ್ಟುವ ಮೊದಲೇ ಆರಿಹೋಗಿ, ಧೂಳುಗಾಳಿ ಎದ್ದು ಅಲ್ಲಿಗೇ ಮುಗಿಯುವುದೇ ಹೆಚ್ಚು. ಆದ್ದರಿಂದ ಇಬ್ಬನಿ ಬಿಂದು 10 ದಾಟಿದೆಯೇ ಎಂದು ಬೇರೆಯಾಗಿಯೇ ನೋಡಿ.

ಮುಂದಿನದು ಗಾಳಿ. ಇದನ್ನು ಮರೆಯುವವರೇ ಹೆಚ್ಚು. 500 ಹೆಕ್ಟೊಪಾಸ್ಕಲ್ ಮಟ್ಟದಲ್ಲಿ ಪಶ್ಚಿಮದ ಗಾಳಿ 35–40 ನಾಟ್ (ಗಂಟೆಗೆ ಸುಮಾರು 65–75 ಕಿ.ಮೀ.) ಇದ್ದರೆ ಮೋಡ ಓರೆಯಾಗಿ ಬೆಳೆಯುತ್ತದೆ. ಮಳೆ ಒಂದು ಪಕ್ಕ ಸುರಿದರೆ ಮೇಲೇರುವ ಗಾಳಿ ಇನ್ನೊಂದು ಪಕ್ಕದಲ್ಲಿ ಉಳಿದು, ಕಲ್ಲುಗಳನ್ನು ಎತ್ತಿ ಹಿಡಿದು ದಪ್ಪ ಮಾಡುತ್ತದೆ. ಮೇ ತಿಂಗಳಲ್ಲಿ ಸೆಕೆ ಹೆಚ್ಚಿದ್ದರೂ ಈ ಗಾಳಿ ಸಡಿಲ. ಕಲ್ಲು ಕರಗುವ ಮಟ್ಟವೂ ಮೇಲೇರಿರುತ್ತದೆ. ಮಹಾರಾಷ್ಟ್ರ ಮತ್ತು ಉತ್ತರ ಕರ್ನಾಟಕದ ಬೆಳೆ ಹಾಳುಮಾಡಿದ 2014ರ ಆಲಿಕಲ್ಲು ಮಳೆ ಫೆಬ್ರುವರಿ ಕೊನೆ, ಮಾರ್ಚ್‌ನಲ್ಲೇ ಬಿದ್ದಿದ್ದು.

ಹವಾಮಾನ ಇಲಾಖೆಯ ಪ್ರಕಟಣೆಯಲ್ಲಿ ವಿದರ್ಭದಿಂದ ಒಳನಾಡು ಕರ್ನಾಟಕದವರೆಗೆ ‘ಟ್ರಫ್’ (ಕಡಿಮೆ ಒತ್ತಡದ ಉದ್ದನೆಯ ಪಟ್ಟಿ) ಎಂದು ಬರೆದಿದ್ದರೆ ನಕ್ಷೆಯಲ್ಲಿ ಆ ಗೆರೆ ಎಳೆದುಕೊಳ್ಳಿ. ಪೂರ್ವದ ತೇವಗಾಳಿ, ಪಶ್ಚಿಮದ ಒಣಗಾಳಿ ಸಂಧಿಸುವ ಜಾಗವದು. ಮೊದಲ ಮೋಡಗಳು ಸಾಮಾನ್ಯವಾಗಿ ಅದರ ಆಸುಪಾಸಿನಲ್ಲೇ ಏಳುತ್ತವೆ.

ಮಧ್ಯಾಹ್ನ ಎರಡರ ನಂತರ ರೇಡಾರ್. ಇಲಾಖೆಯ ‘ಮ್ಯಾಕ್ಸ್ ಝಡ್’ ಚಿತ್ರದ ಮೇಲಂಚು, ಬಲ ಅಂಚಿನ ಪಟ್ಟಿಗಳು ಮೋಡದ ಎತ್ತರ ತೋರಿಸುತ್ತವೆ. ಹೆಪ್ಪುಗಟ್ಟುವ ಮಟ್ಟ (ಉಷ್ಣಾಂಶ ಸೊನ್ನೆಗಿಳಿಯುವ ಎತ್ತರ) 4.8 ಕಿ.ಮೀ. ಇದ್ದ ದಿನ, 45 ಡಿಬಿಝಡ್ (ಮೋಡದಿಂದ ಮರಳುವ ರೇಡಾರ್ ಸಂಕೇತದ ಬಲದ ಅಳತೆ) ಬಣ್ಣ 6.2 ಕಿ.ಮೀ. ದಾಟಿತೆಂದರೆ (1.4 ಕಿ.ಮೀ. ಮೇಲೆ) ಆಲಿಕಲ್ಲು ಸಾಧ್ಯ, ಇನ್ನೂ ಮೇಲೇರಿದಷ್ಟೂ ಖಚಿತ. ಒಂದೇ ಸಾಲಿನಲ್ಲಿರುವ ಎರಡು ಮೋಡಗಳು ಪಟ್ಟಿಯಲ್ಲಿ ಒಂದರ ಮೇಲೊಂದು ಬೀಳುತ್ತವೆ, ಎರಡೂ ಪಟ್ಟಿ ಹೊಂದಿಸಿ ಓದಿ.

ದೂರವೂ ಮುಖ್ಯ. ಭೂಮಿಯ ಬಾಗುವಿಕೆಯಿಂದ ರೇಡಾರ್ ಕಿರಣ ದೂರ ಹೋದಂತೆ ನೆಲದಿಂದ ಮೇಲೇರುತ್ತದೆ. ಹೈದರಾಬಾದಿನಿಂದ ಸುಮಾರು 115 ಕಿ.ಮೀ. ದೂರದ ಬೀದರಿನ ಮೇಲೆ, ನೆಲಮಟ್ಟಕ್ಕಿಂತ ಅರ್ಧ ಡಿಗ್ರಿ ಮೇಲಕ್ಕೆ ಬಿಟ್ಟ ಕಿರಣ 2 ಕಿ.ಮೀ.ಗೂ ಕೆಳಗೆ ಹಾಯುತ್ತದೆ. ಗೋವಾ ರೇಡಾರಿನಿಂದ ವಿಜಯಪುರ ಸುಮಾರು 250 ಕಿ.ಮೀ.; ಅಲ್ಲಿ ಕಿರಣ 6 ಕಿ.ಮೀ. ಎತ್ತರದಲ್ಲಿರುತ್ತದೆ. ಮೋಡದ ಕೆಳಭಾಗ ಕಾಣದೆ ಚಿತ್ರ ಸಪ್ಪೆಯಾಗುತ್ತದೆ, ಅದನ್ನು ನೋಡಿ ನಿಶ್ಚಿಂತರಾಗಬೇಡಿ. ಅಂಥ ಕಡೆ ಉಪಗ್ರಹ ಚಿತ್ರ, ‘ದಾಮಿನಿ’ ಆ್ಯಪ್‌ನ ಮಿಂಚಿನ ಗುರುತುಗಳನ್ನು ಜೊತೆಗಿಟ್ಟುಕೊಳ್ಳಿ.

ಎರಡು ಚಿತ್ರಗಳ ನಡುವೆ ಮೋಡ ಸರಿದ ದೂರ ಅಳೆಯಿರಿ. 20 ನಿಮಿಷಕ್ಕೆ 10 ಕಿ.ಮೀ. ಎಂದರೆ ಗಂಟೆಗೆ 30. ನಿಮ್ಮಿಂದ 30 ಕಿ.ಮೀ. ಇದ್ದಾಗಲೇ ಒಣದ್ರಾಕ್ಷಿ ಶೆಡ್ಡಿನ ಪರದೆ ಇಳಿಸಿ, ಗಾಳಿ ಬೀಸುವ ಕಡೆ ಹಗ್ಗ ಬಿಗಿಯಿರಿ. ಜನ, ದನ, ಕುರಿ ಮರದಡಿ ನಿಲ್ಲದಿರಲಿ. ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆಯುವವರೆಗೆ ತೋಟಕ್ಕೆ ಇಳಿಯಬೇಡಿ, ಬಳ್ಳಿ ಹಬ್ಬಿಸಿದ ತಂತಿ ಸಿಡಿಲಿನ ವಿದ್ಯುತ್ತನ್ನು ಸಾಲಿನ ಉದ್ದಕ್ಕೂ ಹರಿಸುತ್ತದೆ.