ಹಳೆಯ ಕಾರು ಇರಲೋ, ಹೊಸದು ಬರಲೋ? ಮೊದಲು ಕೆಳಕ್ಕೆ ಬಗ್ಗಿ ನೋಡಿ

ಅರೇಬಿಕಾ ಮಾರಾಟವಾಗಿ ರೊಬಸ್ಟಾ ಕಣದಲ್ಲಿ ಒಣಗುತ್ತಿರುವ ಹೊತ್ತಿಗೆ ಕೊಡಗಿನ ಮನೆಗಳಲ್ಲಿ ಕಾರಿನ ಮಾತು ಏಳುತ್ತದೆ. ವರ್ಷದ ದುಡ್ಡು ಕೈಗೆ ಬರುವುದು ಆಗಲೇ. ಹಿಂದಿನ ಮಳೆಗಾಲದಲ್ಲಿ ಕಾರು ನಡುದಾರಿಯಲ್ಲಿ ಕೈಕೊಟ್ಟದ್ದು ಮನೆಯವರಿಗೆ ಇನ್ನೂ ಮರೆತಿರುವುದಿಲ್ಲ. ಬೆಂಗಳೂರಿನಲ್ಲಿರುವ ಮಗ ಫೋನ್ ಮಾಡಿ ‘ಹದಿನೈದು ವರ್ಷ ಆಗುತ್ತಾ ಬಂತು, ಮಾರಿಬಿಡಿ ಅಪ್ಪಾ’ ಎನ್ನುತ್ತಾನೆ. ಊರಿನ ಮೆಕ್ಯಾನಿಕ್ ‘ಎಂಜಿನ್ ಗಟ್ಟಿಮುಟ್ಟಾಗಿದೆ, ಇನ್ನೂ ಹತ್ತು ವರ್ಷ ಓಡಿಸಬಹುದು’ ಎನ್ನುತ್ತಾನೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಆದರೆ ನೋಡಬೇಕಾದ ಜಾಗವನ್ನು ಇಬ್ಬರೂ ನೋಡಿರುವುದಿಲ್ಲ.

ಬಯಲುಸೀಮೆಯಲ್ಲಿ ಕಾರಿನ ಆಯುಸ್ಸನ್ನು ವರ್ಷದಿಂದಲೂ ಕಿಲೋಮೀಟರಿನಿಂದಲೂ ಅಳೆಯಬಹುದು. ನಮ್ಮಲ್ಲಿ ಆ ಅಳತೆ ಮೋಸ ಮಾಡುತ್ತದೆ. ಭಾಗಮಂಡಲ, ನಾಪೋಕ್ಲು ಕಡೆಯ ಮಳೆಯಲ್ಲಿ ಎಂಟು ವರ್ಷ ನೆನೆದ ಕಾರಿಗೂ ಕುಶಾಲನಗರದಲ್ಲಿ ಶೆಡ್ಡಿನೊಳಗೆ ನಿಂತ ಹದಿನಾಲ್ಕು ವರ್ಷದ ಕಾರಿಗೂ ಹೋಲಿಕೆಯೇ ಇಲ್ಲ. ಮೀಟರಿನಲ್ಲಿ ಐವತ್ತು ಸಾವಿರ ಕಿಲೋಮೀಟರ್ ಮಾತ್ರ ಇದ್ದರೂ ಅದರಲ್ಲಿ ಅರ್ಧ ತೋಟದ ಕಲ್ಲುದಾರಿಯಲ್ಲಿ ಮೊದಲನೇ, ಎರಡನೇ ಗೇರಿನಲ್ಲಿ ಓಡಿದ್ದಿರಬಹುದು. ಕೊಡಗಿನ ಕಾರು ಮುಪ್ಪಾಗುವುದು ಕೆಳಗಿನಿಂದ. ಹಾಗಾಗಿ ತಳ ಮೊದಲು, ಬ್ರೇಕ್ ಆಮೇಲೆ, ದುಡ್ಡಿನ ಲೆಕ್ಕ ಅದರ ನಂತರ. ಶೋರೂಮಿಗೆ ಕಾಲಿಡುವುದು ಕೊನೆಗೆ.

ಮೊದಲು ಕಾನೂನಿನ ಭಯ ಬಿಡಿ

ಹದಿನೈದು ವರ್ಷವಾದರೆ ಕಾರನ್ನು ಗುಜರಿಗೆ ಹಾಕಲೇಬೇಕು ಎಂಬ ಮಾತು ಸಂತೆಯಲ್ಲೂ ಮದುವೆ ಮನೆಯಲ್ಲೂ ಕೇಳಿಬರುತ್ತದೆ. ಹತ್ತು ವರ್ಷದ ಡೀಸೆಲ್, ಹದಿನೈದು ವರ್ಷದ ಪೆಟ್ರೋಲ್ ಎಂಬ ಕಟ್ಟುಪಾಡು ಹುಟ್ಟಿದ್ದು ದೆಹಲಿ ಮತ್ತು ಅದರ ಸುತ್ತಲಿನ ಪ್ರದೇಶಕ್ಕಾಗಿ. ಕರ್ನಾಟಕದಲ್ಲಿ ಸ್ವಂತ ಬಳಕೆಯ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಆರ್‌ಟಿಒ ಕಚೇರಿಯಲ್ಲಿ ಗಾಡಿ ತೋರಿಸಿ, ಗಾಡಿ ಓಡಿಸಲು ಯೋಗ್ಯ ಎಂಬ ಎಫ್‌ಸಿ ಮಾಡಿಸಿ, ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬಹುದು. ಅವಧಿ ಮುಗಿಯುವುದಕ್ಕೆ ಮುಂಚಿನ 60 ದಿನಗಳ ಒಳಗೆ ನಮೂನೆ 25ರಲ್ಲಿ ಅರ್ಜಿ ಹಾಕಬೇಕು.

ಶುಲ್ಕ ಮಾತ್ರ ಏರಿದೆ. ಹಿಂದೆ 600 ರೂಪಾಯಿ ಇದ್ದ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ ಕಾರಿಗೆ 5,000 ರೂಪಾಯಿ ಆಯಿತು. 20 ವರ್ಷ ದಾಟಿದ ಕಾರಿಗೆ 2025ರ ಆಗಸ್ಟ್‌ನಲ್ಲಿ ಅದನ್ನು 10,000ಕ್ಕೆ ಏರಿಸಲಾಯಿತು. ತಡಮಾಡಿದರೆ ತಿಂಗಳಿಗೆ 500 ರೂಪಾಯಿ ದಂಡ ಬೇರೆ. ಹಸಿರು ತೆರಿಗೆ, ಎಮಿಷನ್ ಸರ್ಟಿಫಿಕೇಟ್, ವಿಮೆ, 2019ರ ಏಪ್ರಿಲ್‌ಗಿಂತ ಹಿಂದಿನ ಗಾಡಿಯಾದರೆ ಹೊಸ ಮಾದರಿಯ ನಂಬರ್ ಪ್ಲೇಟ್, ಇವೆಲ್ಲ ಸರಿ ಇರಬೇಕು. ಎಲ್ಲ ಸೇರಿದರೂ ಹೊಸ ಕಾರಿನ ಒಂದೆರಡು ಕಂತಿನ ಹಣ. ಕಾಗದಪತ್ರಕ್ಕೆ ಹೆದರಿ ಒಳ್ಳೆಯ ಗಾಡಿಯನ್ನು ಮಾರುವುದು ಬೇಡ.

ತಳ ನೋಡುವ ಕ್ರಮ

ಇದಕ್ಕೆ ಸರಿಯಾದ ಕಾಲ ತುಲಾ ಸಂಕ್ರಮಣದ ಆಸುಪಾಸು. ಮಳೆ ಹಿಂದೆ ಸರಿದಿರುತ್ತದೆ, ಆದರೆ ನೀರು ಎಲ್ಲಿ ನುಗ್ಗಿತ್ತು ಎಂಬ ಗುರುತು ಕಾರಿನೊಳಗೆ ಇನ್ನೂ ಉಳಿದಿರುತ್ತದೆ. ಬೇಸಿಗೆಯಲ್ಲಿ ನೋಡಿದರೆ ಎಲ್ಲ ಒಣಗಿ ಚೆಂದ ಕಾಣುತ್ತದೆ.

ಬಾನೆಟ್ ಎತ್ತಿ, ಗಾಜಿನ ಬುಡದಲ್ಲಿ ವೈಪರ್‌ಗಳ ಕೆಳಗಿರುವ ಜಾಲರಿಯ ಸಂದಿಗೆ ಕೈ ಹಾಕಿ. ಸಿಲ್ವರ್ ಓಕ್ ಮರದ ಕೆಳಗೆ ನಿಲ್ಲುವ ಕಾರಾದರೆ ಮುಷ್ಟಿ ತುಂಬ ಕೊಳೆತ ಎಲೆ ಸಿಗುತ್ತದೆ. ಮಳೆನೀರು ಹರಿದುಹೋಗುವ ತೂತನ್ನು ಆ ಎಲೆ ಮುಚ್ಚಿದರೆ ನೀರು ಹಿಂದಕ್ಕೆ ತುಂಬಿ ಡ್ಯಾಶ್‌ಬೋರ್ಡಿನ ಅಡಿಯಿಂದ ಕಾಲಿಡುವ ಜಾಗಕ್ಕೆ ಇಳಿಯುತ್ತದೆ. ಮುಂದಿನ ಎರಡು ಸೀಟುಗಳ ಕಾರ್ಪೆಟ್ಟನ್ನು ಬುಡಸಮೇತ ಎತ್ತಿ ನೋಡಿ. ಮೇಲಿನ ರಬ್ಬರ್ ಮ್ಯಾಟ್ ಎತ್ತಿದರೆ ಸಾಲದು. ಕಾರ್ಪೆಟ್ಟಿನ ಅಡಿಯ ಸ್ಪಂಜು ಹಿಂಡಿದಾಗ ನೀರು ಬಂದರೆ ಅದರ ಕೆಳಗಿನ ತಗಡನ್ನು ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ. ಗಟ್ಟಿ ತಗಡು ಟಣ್ ಎನ್ನುತ್ತದೆ. ಒಳಗೇ ತುಕ್ಕು ತಿಂದದ್ದು ಬೊದ್ದೆನ್ನುತ್ತದೆ, ಬಣ್ಣದ ಹಕ್ಕಳೆ ಏಳುತ್ತದೆ.

ಆಮೇಲೆ ಗ್ಯಾರೇಜಿಗೆ ಒಯ್ದು ಲಿಫ್ಟಿನ ಮೇಲೆ ಎತ್ತಿಸಿ. ಅದಕ್ಕೂ ಮೊದಲು ಕೆಸರನ್ನು ಪೂರ್ತಿ ತೊಳೆಸಿ, ಒಂದು ದಿನ ಒಣಗಲು ಬಿಡಿ. ಕೆಸರಿನ ಕೆಳಗೆ ಏನಿದೆ ಎಂದು ಯಾರಿಗೂ ಕಾಣದು. ನೋಡಬೇಕಾದ ಜಾಗಗಳು ಕೆಲವೇ. ಬಾಗಿಲುಗಳ ಕೆಳಗಿನ ಉದ್ದ ಪಟ್ಟಿ, ಅದರಲ್ಲೂ ಜಾಕ್ ಕೊಡುವ ಜಾಗ. ಹಿಂಚಕ್ರದ ಕಮಾನಿನ ಒಳಮೈ. ಸಸ್ಪೆನ್ಷನ್ ಬೋಲ್ಟು ಬಾಡಿಗೆ ಸೇರುವ ಬುಡ. ಎಂಜಿನ್ ಹೊತ್ತಿರುವ ಅಡ್ಡಪಟ್ಟಿ. ಉದ್ದಕ್ಕೂ ಹಾದುಹೋಗುವ ಬ್ರೇಕ್ ಪೈಪುಗಳು.

ಸೈಲೆನ್ಸರ್ ತೂತಾಗಿದ್ದರೆ ಬೇಸರ ಬೇಡ, ಬದಲಿಸಬಹುದು. ಬಾಗಿಲಿನ ಅಂಚು ತುಕ್ಕು ಹಿಡಿದಿದ್ದರೆ ಟಿಂಕರಿಂಗ್ ಮಾಡಿಸಿ ನಾಲ್ಕು ವರ್ಷ ತಳ್ಳಬಹುದು. ಸಸ್ಪೆನ್ಷನ್ ಕೂರುವ ಬುಡವೇ ಪುಡಿಯಾಗಿದ್ದರೆ ಮಾತ್ರ ಚರ್ಚೆ ಮುಗಿಯಿತು. ಅದರ ಮೇಲೆ ತಗಡು ಇಟ್ಟು ವೆಲ್ಡ್ ಮಾಡಿ, ಕಪ್ಪು ಬಣ್ಣ ಬಳಿದು ‘ಸರಿಯಾಯಿತು’ ಎನ್ನುವವರಿದ್ದಾರೆ. ಆ ಬಣ್ಣವನ್ನು ನಂಬಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಘಾಟಿ ಇಳಿಯಬೇಡಿ. ಎಂಜಿನ್ ಎಷ್ಟೇ ಚೆನ್ನಾಗಿರಲಿ, ಆ ಗಾಡಿಯ ಕಾಲ ಮುಗಿದಿದೆ.

ಬ್ರೇಕಿನಲ್ಲಿ ಚೌಕಾಸಿ ಬೇಡ

ಸಾವಿರ ಮೀಟರ್‌ಗೂ ಹೆಚ್ಚು ಎತ್ತರದ ಮಡಿಕೇರಿಯಿಂದ ಸಂಪಾಜೆಗೆ ಇಳಿಯುವಾಗ, ಪೆರುಂಬಾಡಿಯಿಂದ ಮಾಕುಟ್ಟದ ಕಡೆಗೆ ಇಳಿಯುವಾಗ ಬ್ರೇಕ್ ಬಿಡದೆ ಕೆಲಸ ಮಾಡುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವ ವಸ್ತು. ತೇವ ಸೇರಿದಷ್ಟೂ ಅದು ಕಡಿಮೆ ಶಾಖಕ್ಕೇ ಕುದಿಯುತ್ತದೆ, ಪೈಪಿನಲ್ಲಿ ಆವಿ ತುಂಬುತ್ತದೆ, ಪೆಡಲ್ ಒತ್ತಿದರೆ ನೆಲಕ್ಕೆ ಇಳಿಯುತ್ತದೆ. ನಮ್ಮ ಹವೆಯಲ್ಲಿ ಎರಡು ವರ್ಷಕ್ಕೊಮ್ಮೆ ಇದನ್ನು ಬದಲಿಸಲೇಬೇಕು. ಹಳೆಯ ಕಾರಿನವರಲ್ಲಿ ಎಂಜಿನ್ ಆಯಿಲ್ ಬದಲಿಸುವವರೇ ಹೆಚ್ಚು, ಬ್ರೇಕ್ ಆಯಿಲ್ ನೆನಪಾಗುವುದು ಕೆಲವರಿಗೆ ಮಾತ್ರ. ನಿಮ್ಮ ಕಾರಿನದು ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದ್ದರೆ ಈ ವಾರವೇ ಹಾಕಿಸಿ; ಕಾರು ಇಟ್ಟುಕೊಳ್ಳುವ ನಿರ್ಧಾರ ಆಮೇಲಾದರೂ ಆಗಲಿ.

ಇನ್ನೊಂದು ಪ್ರಶ್ನೆ ಏರ್‌ಬ್ಯಾಗ್ ಮತ್ತು ಬ್ರೇಕ್ ಹಾಕಿದಾಗ ಚಕ್ರ ಕಚ್ಚಿ ನಿಲ್ಲದಂತೆ ತಡೆಯುವ ಎಬಿಎಸ್. ಎಲ್ಲ ಹೊಸ ಕಾರುಗಳಿಗೂ ಎಬಿಎಸ್ ಕಡ್ಡಾಯವಾದದ್ದು 2019ರ ಏಪ್ರಿಲ್‌ನಲ್ಲಿ. ಚಾಲಕನ ಏರ್‌ಬ್ಯಾಗ್ ಕಡ್ಡಾಯವಾದದ್ದು ಅದೇ ವರ್ಷದ ಜುಲೈನಲ್ಲಿ. ಅದಕ್ಕಿಂತ ಹಿಂದಿನ ಕಾರಿನಲ್ಲಿ, ಅದರಲ್ಲೂ ಕಡಿಮೆ ಬೆಲೆಯ ಮಾದರಿಯಲ್ಲಿ, ಎರಡೂ ಇಲ್ಲದಿರಬಹುದು. ಎಲೆ ಉದುರಿ ನೆನೆದ ರಸ್ತೆಯಲ್ಲಿ ಹಠಾತ್ ಬ್ರೇಕ್ ಹಾಕಿದಾಗ ಚಕ್ರ ಕಚ್ಚಿ ನಿಂತರೆ ಸ್ಟೇರಿಂಗ್ ತಿರುಗಿಸಿಯೂ ಪ್ರಯೋಜನವಿಲ್ಲ. ಇದನ್ನು ಆಮೇಲೆ ಜೋಡಿಸಲು ಬರುವುದಿಲ್ಲ, ಯಾವ ರಿಪೇರಿಯೂ ಸರಿಪಡಿಸಲಾರದ ಕೊರತೆ ಇದು. ಮಳೆಗಾಲದಲ್ಲೂ ದಿನಾ ಮಕ್ಕಳನ್ನು ಶಾಲೆಗೆ ಬಿಡುವ ಕಾರು ಇದೇ ಆಗಿದ್ದರೆ, ಹಳೆಯದನ್ನು ಮಾರಲು ಇದೊಂದೇ ಕಾರಣ ಸಾಕು ಎಂದು ನಾನು ದೃಢವಾಗಿ ನಂಬಿದ್ದೇನೆ. ವಾರಕ್ಕೊಮ್ಮೆ ಗೋಣಿಕೊಪ್ಪಲಿಗೆ ಹೋಗಿ ಬರುವ ಕಾರಾದರೆ ಅಷ್ಟು ಅವಸರವಿಲ್ಲ.

ಮುಂದಿನ ಹನ್ನೆರಡು ತಿಂಗಳ ಲೆಕ್ಕ

ತಳವೂ ಬ್ರೇಕೂ ಪಾಸಾದರೆ ಈಗ ಪೆನ್ನು ಹಿಡಿಯಿರಿ. ‘ರಿಪೇರಿ ಖರ್ಚು ಕಾರಿನ ಬೆಲೆಯ ಅರ್ಧ ದಾಟಿದರೆ ಮಾರು’ ಎಂಬ ಸೂತ್ರವನ್ನು ಹಲವರು ಹೇಳುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಕಾರಿನ ಬೆಲೆ ಲಕ್ಷಕ್ಕೆ ಇಳಿದ ಮಾತ್ರಕ್ಕೆ ಅದು ನಿಮಗೆ ಮಾಡಿಕೊಡುವ ಕೆಲಸ ಕಡಿಮೆಯಾಗುವುದಿಲ್ಲ. ಹಳೆಯ ಕಾರಿನ ಮುಂದಿನ ಒಂದು ವರ್ಷದ ಖರ್ಚನ್ನು ಹೊಸ ಕಾರಿನ ಒಂದು ವರ್ಷದ ಖರ್ಚಿನ ಎದುರು ಇಡಬೇಕು. ಕಳೆದ ವರ್ಷ ಸುರಿದ ದುಡ್ಡು ಈ ಲೆಕ್ಕಕ್ಕೆ ಬರುವುದೇ ಇಲ್ಲ.

ಒಂದು ಊಹೆಯ ಉದಾಹರಣೆ. ಶೋರೂಮ್ ಬೆಲೆ 7 ಲಕ್ಷದ ಸಣ್ಣ ಪೆಟ್ರೋಲ್ ಕಾರು. ಕರ್ನಾಟಕದಲ್ಲಿ 5ರಿಂದ 10 ಲಕ್ಷದ ಕಾರಿಗೆ ಜೀವಿತಾವಧಿ ತೆರಿಗೆ ಶೇಕಡ 14, ಆ ತೆರಿಗೆಯ ಮೇಲೆ ಶೇಕಡ 11 ಸೆಸ್. ಅಲ್ಲಿಗೆ 1,08,780 ರೂಪಾಯಿ. ವಿಮೆ ಮತ್ತಿತರ ಖರ್ಚು ಸೇರಿ ಆನ್‌ರೋಡ್ ಬೆಲೆ ಎಂಟೂವರೆ ಲಕ್ಷ ಎನ್ನೋಣ. ಎಂಟು ವರ್ಷದ ನಂತರ ಎರಡೂವರೆ ಲಕ್ಷಕ್ಕೆ ಮಾರಿದರೆ ಕರಗಿದ್ದು 6 ಲಕ್ಷ, ವರ್ಷಕ್ಕೆ 75,000. ಆನ್‌ರೋಡ್ ಬೆಲೆಯಲ್ಲಿ 6 ಲಕ್ಷವನ್ನು ಶೇಕಡ 9ರ ಬಡ್ಡಿಯಲ್ಲಿ ಐದು ವರ್ಷಕ್ಕೆ ಸಾಲ ಮಾಡಿದರೆ ತಿಂಗಳ ಕಂತು ಸುಮಾರು 12,455. ಒಟ್ಟು ಬಡ್ಡಿ 1.47 ಲಕ್ಷ. ಅದನ್ನೂ ಎಂಟು ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಸುಮಾರು 93,000 ರೂಪಾಯಿ. ಇದು ಪೆಟ್ರೋಲ್, ಸರ್ವಿಸ್ ಬಿಟ್ಟು.

ಈಗ ಹೊಸದರ ಪರವಾಗಿ ಮೈಲೇಜ್ ಸೇರಿಸಿ. ವರ್ಷಕ್ಕೆ 8,000 ಕಿಲೋಮೀಟರ್ ಓಡುವವರಿಗೆ ಹಳೆಯದು ಲೀಟರಿಗೆ 14, ಹೊಸದು 19 ಕೊಟ್ಟರೆ ಉಳಿಯುವುದು 150 ಲೀಟರ್. ನೂರು ರೂಪಾಯಿಯ ಲೆಕ್ಕದಲ್ಲಿ 15,000. ಅಂದರೆ ಹಳೆಯ ಕಾರಿಗೆ ವರ್ಷವೂ ಸುಮಾರು 78,000ಕ್ಕಿಂತ ಹೆಚ್ಚು ಸುರಿಯುವ ತನಕ ಹೊಸದು ಲಾಭವಲ್ಲ. ಟೈರ್, ಕ್ಲಚ್, ಶಾಕ್ ಅಬ್ಸಾರ್ಬರ್ ಒಟ್ಟಿಗೆ ಬಂದ ವರ್ಷದ ಬಿಲ್ಲು ನೋಡಿ ದಿಗಿಲಾಗಬೇಡಿ. ಅವು ಹಲವು ವರ್ಷ ಬಾಳುವ ಸಾಮಾನು, ಅಷ್ಟು ವರ್ಷಕ್ಕೆ ಹಂಚಿ ನೋಡಿ.

ಈ ಹಾಳೆಯಲ್ಲಿ ರೂಪಾಯಿಯಾಗಿ ಬರೆಯಲಾಗದ ಒಂದು ಸಾಲಿದೆ. ಕೊಡಗಿನಲ್ಲಿ ರೈಲಿಲ್ಲ, ಒಳಊರುಗಳಿಗೆ ಸಂಜೆಯ ಮೇಲೆ ಬಸ್ಸಿಲ್ಲ. ದೊಡ್ಡ ಕಾಯಿಲೆಗೆ ಮೈಸೂರು ಅಥವಾ ಮಂಗಳೂರಿಗೆ ಓಡಬೇಕು. ಮನೆಯಲ್ಲಿ ವಯಸ್ಸಾದವರಿದ್ದು, ಇರುವುದು ಒಂದೇ ಕಾರಾಗಿದ್ದು, ಅದು ವರ್ಷದಲ್ಲಿ ಎರಡು ಸಲ ದಾರಿಯಲ್ಲಿ ನಿಂತಿದ್ದರೆ, ಹಳೆಯದರ ಕಡೆ ಲೆಕ್ಕ ಎಷ್ಟೇ ವಾಲಲಿ, ಬದಲಿಸಿ.

ಹಳೆಯದನ್ನೇ ಉಳಿಸಿಕೊಳ್ಳುವವರು ಮೂರು ವಿಷಯ ನೋಡಿಕೊಳ್ಳಿ. ಈಗ ಬಂಕಿನಲ್ಲಿ ಸಿಗುವ ಶೇಕಡ 20 ಎಥೆನಾಲ್ ಬೆರೆತ ಪೆಟ್ರೋಲ್ 2023ಕ್ಕಿಂತ ಹಳೆಯ ಕಾರುಗಳ ರಬ್ಬರ್ ಪೈಪು, ಗ್ಯಾಸ್ಕೆಟ್‌ಗಳನ್ನು ಸವೆಸಬಹುದು. ಸರ್ವಿಸಿನಲ್ಲಿ ಅವನ್ನು ಪರೀಕ್ಷಿಸಲು ಹೇಳಿ. ಎಥೆನಾಲ್ ನೀರನ್ನು ಎಳೆದುಕೊಳ್ಳುವುದರಿಂದ ಮಳೆಗಾಲದಲ್ಲಿ ನಿಂತೇ ಇರುವ ಕಾರಿನ ಟ್ಯಾಂಕನ್ನು ಖಾಲಿ ಬಿಡಬೇಡಿ. ಹಳೆಯದೆಂದು ಬರೀ ಥರ್ಡ್ ಪಾರ್ಟಿ ವಿಮೆಗೆ ಇಳಿಯುವ ಮುನ್ನ 2018ರ ಆಗಸ್ಟನ್ನು ನೆನಪಿಸಿಕೊಳ್ಳಿ: ಪ್ರವಾಹ, ಭೂಕುಸಿತದಿಂದ ನಮ್ಮ ಕಾರಿಗಾಗುವ ಹಾನಿಗೆ ಪೂರ್ಣ ವಿಮೆಯಲ್ಲಿ ಮಾತ್ರ ಪರಿಹಾರವಿದೆ. ಐದು ವರ್ಷ ದಾಟಿದ ಕಾರಿನ ಮೌಲ್ಯವನ್ನು ಕಂಪನಿಯೊಂದಿಗೆ ಮಾತಾಡಿ ನಿಗದಿ ಮಾಡಿಕೊಳ್ಳಬಹುದು.

ಹೊಸದೇ ಸರಿ ಎಂದಾದರೆ

ತೋಟದಿಂದ ಪೇಟೆಗೆ, ಪೇಟೆಯಿಂದ ತೋಟಕ್ಕೆ ನಾಲ್ಕೈದು ಕಿಲೋಮೀಟರ್ ಓಡಾಡುವವರು ಡೀಸೆಲ್ ಕೊಳ್ಳುವ ಮುಂಚೆ ಯೋಚಿಸಿ. 2020ರ ಏಪ್ರಿಲ್‌ನಿಂದ ಬಂದ, ಹೊಗೆ ಮಿತಿಯ ಬಿಎಸ್6 ನಿಯಮದ ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿ ಹಿಡಿದಿಡುವ ಫಿಲ್ಟರ್ ಇರುತ್ತದೆ. ಕಾರು ಸ್ವಲ್ಪ ಹೊತ್ತು ಒಂದೇ ವೇಗದಲ್ಲಿ ಓಡಿ ಬಿಸಿಯಾದಾಗ ಮಾತ್ರ ಆ ಮಸಿ ಸುಟ್ಟುಹೋಗುತ್ತದೆ. ತೋಟದ ದಾರಿಯಲ್ಲಿ ಅದು ಆಗುವುದೇ ಇಲ್ಲ. ಫಿಲ್ಟರ್ ಕಟ್ಟಿಕೊಂಡು ಎಚ್ಚರಿಕೆಯ ದೀಪ ಹತ್ತುತ್ತದೆ. ತಿಂಗಳಿಗೆ ಹಲವು ಸಲ ಮೈಸೂರಿಗೆ ಹೋಗುವವರಿಗೆ ಈ ಚಿಂತೆಯಿಲ್ಲ.

ಸನ್‌ರೂಫ್, ದೊಡ್ಡ ಪರದೆಗೆ ಕೊಡುವ ದುಡ್ಡನ್ನು ಆರು ಏರ್‌ಬ್ಯಾಗ್, ಜಾರುವುದನ್ನು ತಡೆಯುವ ಇಎಸ್‌ಸಿ, ಹಿಂದಿನ ವೈಪರ್, ತಳಕ್ಕೆ ತುಕ್ಕು ನಿರೋಧಕ ಲೇಪನಕ್ಕೆ ಹಾಕಿ. ಗಾಡಿ ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂಬುದನ್ನು ಪುಸ್ತಿಕೆಯಲ್ಲಿ ಓದುವುದಕ್ಕಿಂತ, ಟೆಸ್ಟ್ ಡ್ರೈವಿಗೆ ಬಂದ ಕಾರನ್ನು ನಾಲ್ಕು ಜನ ಕೂತು ನಿಮ್ಮ ಗೇಟಿನವರೆಗೆ ತರಿಸಿ ನೋಡಿ.

2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇಕಡ 28ರಿಂದ 18ಕ್ಕೆ ಇಳಿದಿದೆ. ಇದು ನಾಲ್ಕು ಮೀಟರ್‌ಗಿಂತ ಉದ್ದವಿಲ್ಲದ, 1200 ಸಿಸಿ ಒಳಗಿನ ಪೆಟ್ರೋಲ್ ಮತ್ತು 1500 ಸಿಸಿ ಒಳಗಿನ ಡೀಸೆಲ್ ಕಾರುಗಳಿಗೆ. ಇಷ್ಟಾದರೂ ಬಜೆಟ್ ಎಟುಕದಿದ್ದರೆ 2020ರ ನಂತರದ, ಮೈಸೂರು ಕಡೆಯ ಒಣಹವೆಯಲ್ಲಿ ಓಡಿದ ಸೆಕೆಂಡ್ ಹ್ಯಾಂಡ್ ಕಾರು ಒಳ್ಳೆಯ ನಡುದಾರಿ. ಅದನ್ನೂ ಲಿಫ್ಟಿನ ಮೇಲೆ ಎತ್ತಿಸಿ, ಕಾರ್ಪೆಟ್ ಎತ್ತಿ ನೋಡಿಯೇ ಮುಂಗಡ ಕೊಡಿ.

ಹಳೆಯದನ್ನು ಕೈಬಿಡುವಾಗ

ಮಾರುವ ಮುಂಚೆ ವಿಮಾ ಕಂಪನಿಯಿಂದ ನೋ ಕ್ಲೇಮ್ ಬೋನಸ್ ಪತ್ರ ತೆಗೆದುಕೊಳ್ಳಿ. ಕ್ಲೇಮ್ ಮಾಡದೆ ಗಳಿಸಿದ ಈ ರಿಯಾಯಿತಿ ಶೇಕಡ 50ರವರೆಗೂ ಇರುತ್ತದೆ. ಅದು ಮಾಲೀಕರಿಗೆ ಸೇರಿದ್ದು, ಮೂರು ವರ್ಷದೊಳಗೆ ಹೊಸ ಕಾರಿನ ವಿಮೆಗೆ ಬಳಸಬಹುದು. ಶೋರೂಮಿನವರು ಕೇಳದಿದ್ದರೆ ನೀವೇ ಹೇಳಿ.

ಸಾಲ ತೀರಿದ್ದರೂ ನೋಂದಣಿ ಪತ್ರವಾದ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿದ್ದರೆ ನಮೂನೆ 35 ಕೊಟ್ಟು ತೆಗೆಸಿ. ಕೊಳ್ಳುವವರು ಪರಿಚಯದವರೇ ಆಗಿರಲಿ, ನಮೂನೆ 29 ಮತ್ತು 30ಕ್ಕೆ ಸಹಿ ಹಾಕಿ, ಆರ್‌ಸಿ ಅವರ ಹೆಸರಿಗೆ ಬದಲಾಗುವ ತನಕ ಬೆನ್ನು ಬಿಡಬೇಡಿ. ಕಾರು ಕೈ ಬದಲಾಗಿದ್ದರೂ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಅಪಘಾತದ ಪರಿಹಾರಕ್ಕೆ ಹೊಣೆ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ತಳ ಹೋದ ಗಾಡಿಯನ್ನು ಬೇರೆಯವರಿಗೆ ದಾಟಿಸದೆ ನೋಂದಾಯಿತ ಗುಜರಿ ಕೇಂದ್ರಕ್ಕೇ ಕೊಡಿ. ಅಲ್ಲಿ ಸಿಗುವ ಠೇವಣಿ ಪ್ರಮಾಣಪತ್ರ ತೋರಿಸಿದರೆ ಹೊಸ ಕಾರಿನ ನೋಂದಣಿ ಶುಲ್ಕದಲ್ಲಿ ವಿನಾಯಿತಿ ಇದೆ. ಹಳೆಯ ಆರ್‌ಸಿ ರದ್ದಾಯಿತೇ ಎಂದು ಆರ್‌ಟಿಒ ಕಚೇರಿಯಲ್ಲಿ ಖಚಿತಪಡಿಸಿಕೊಂಡು, ಅದರ ಪ್ರತಿಯನ್ನು ತೋಟದ ಕಾಗದಪತ್ರಗಳ ಜೊತೆ ಇಟ್ಟುಕೊಳ್ಳಿ.